ಬಸ್ಸು ಬರುವ ತನಕ

ಜೂನ್ ಮಾಸದ ಕೊನೆಯ ಶನಿವಾರದ ಬೆಳಗು. ಮುಂಗಾರಿನ ಮೊದಲ ಮಳೆಗಳು ಸುರಿದು ಅಂಗಳದ ಕೆಮ್ಮಣ್ಣು ಕಾಲಿಗೆ ಮೆತ್ತಿಕೊಳ್ಳುವ ಹದಕ್ಕೆ ಬಂದಿರುವಾಗ, ಮಲೆನಾಡಿನ ಸೆರಗಿನ ಒಂದು ಸರಕಾರಿ ಪ್ರೌಢಶಾಲೆಯ ಜಗಲಿಯಲ್ಲಿ ಎರಡು ಬೆಂಚುಗಳನ್ನು ಅಡ್ಡಲಾಗಿ ಜೋಡಿಸಿ, ಮರೆಗೆಂದು ಭಾರತದ ಭೂಪಟವೊಂದನ್ನು ಇಳಿಯಬಿಟ್ಟು, ಅದರ ಹಿಂದೆ ಬಿಸಿಯೂಟದ ಎಣ್ಣೆ ಪ್ಯಾಕೆಟ್ಟುಗಳು ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಸೀಳು ಕೊರೆದು ಇರಿಸಿದ್ದಾರೆ. ಅದೇ ಮತಪೆಟ್ಟಿಗೆ. ಬಾಲಕಿಯೊಬ್ಬಳು ಹಾಜರಿ ಪುಸ್ತಕವನ್ನು ತೆರೆದಿಟ್ಟುಕೊಂಡು ಹೆಸರು ಕೂಗುತ್ತಾಳೆ. ಮತ್ತೊಬ್ಬಳು ಮಾರ್ಕರ್ ಪೆನ್ನಿನಿಂದ ಬೆರಳಿಗೆ ಗುರುತು ಹಾಕುತ್ತಾಳೆ. ಸಾಲಿನ ನಡುವಿನಿಂದ ಹುಡುಗನೊಬ್ಬ ತಗ್ಗಿದ ದನಿಯಲ್ಲಿ, “ಛತ್ರಿಗೆ ಹಾಕ್ರೋ, ಮಳೆಗಾಲ ಕಣ್ರೋ” ಎಂದು ಅಕ್ಕಪಕ್ಕದವರನ್ನು ತಿವಿಯುತ್ತಾನೆ. “ಪ್ರಚಾರ ನಿನ್ನೆಗೇ ಮುಗೀತಲ್ಲಯ್ಯ, ಹೋಗು, ಹಿಂದೆ ನಿಲ್ಲು” ಎಂದು ದೈಹಿಕ ಶಿಕ್ಷಣದ ಮೇಷ್ಟ್ರು ಗದರಿಸುತ್ತಾರೆ.

ಹನ್ನೊಂದೂವರೆಯ ಗಂಟೆ ಹೊಡೆಯುವುದರೊಳಗೆ ಶಾಲೆಗೊಂದು ಮಂತ್ರಿಮಂಡಲ ಬಂದಿರುತ್ತದೆ. ಮುಖ್ಯಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ, ಸಾಂಸ್ಕೃತಿಕ ಮಂತ್ರಿ, ವಾರ್ತಾ ಮಂತ್ರಿ, ಇವರೆಲ್ಲರಿಗೂ ಎದುರಾಳಿಯಾಗಿ ವಿರೋಧಪಕ್ಷದ ನಾಯಕ. ಈ ಲೇಖನವನ್ನು ಓದುತ್ತಿರುವವರಲ್ಲಿ ಹಲವರು ಒಂದಾನೊಂದು ಕಾಲದಲ್ಲಿ ಇಂತಹ ಮಂತ್ರಿಪದವಿಯೊಂದನ್ನು ಅಲಂಕರಿಸಿದವರೇ ಆಗಿರಬಹುದು. ಅಧಿಕಾರಾವಧಿಯಲ್ಲಿ ತಾವು ಏನು ಮಾಡಿದೆವೆಂದು ಕೇಳಿದರೆ ಮಾತ್ರ, ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳ ಹಾಕಿಸಿದ್ದಕ್ಕಿಂತ ಹೆಚ್ಚಿನದು ಜ್ಞಾಪಕಕ್ಕೆ ಬರಲಾರದು.

ನೂರು ಮಕ್ಕಳು, ಹತ್ತು ಸಂಘಗಳು

ನಮ್ಮ ರಾಜ್ಯದಲ್ಲಿ ಪ್ರೌಢಶಾಲೆಯೆಂದರೆ ಎಂಟು, ಒಂಬತ್ತು, ಹತ್ತನೆಯ ತರಗತಿಗಳು. ಸಣ್ಣ ಹಳ್ಳಿಯದಾದರೆ ಮೂರೂ ಕೂಡಿ ನೂರು, ನೂರಿಪ್ಪತ್ತು ಮಕ್ಕಳು. ಭಾಷೆ, ಗಣಿತ, ವಿಜ್ಞಾನ, ಸಮಾಜ, ವ್ಯಾಯಾಮವೆಲ್ಲ ಸೇರಿ ಏಳೆಂಟು ಮಂದಿ ಶಿಕ್ಷಕರು. ಆದರೆ ಸಂಘಗಳ ಲೆಕ್ಕಕ್ಕೆ ಬಂದರೆ ಈ ಶಾಲೆಯೂ ಮಹಾನಗರದ ಶಾಲೆಯೂ ಸರಿಸಮಾನವೇ. ಶಾಲಾ ಸಂಸತ್ತು, ಸಾಹಿತ್ಯ ಸಂಘ, ವಿಜ್ಞಾನ ಸಂಘ, ಇಕೋ ಕ್ಲಬ್, ಸ್ಕೌಟು ಗೈಡು, ಸೇವಾದಳ, ಇವುಗಳ ಜೊತೆಗೆ ಚುನಾವಣಾ ಆಯೋಗವು 2018ರಲ್ಲಿ ಆರಂಭಿಸಿದ ಮತದಾರರ ಸಾಕ್ಷರತಾ ಸಂಘ. ಒಂದೊಂದು ಇಲಾಖೆಯೂ ತನ್ನ ಸದುದ್ದೇಶವನ್ನು ಶಾಲೆಯ ಬಾಗಿಲಿಗೆ ತಂದು ಇಳಿಸುತ್ತಿರುವಾಗ, ಬೇಡವೆನ್ನುವ ಧೈರ್ಯ ಯಾವ ಮುಖ್ಯೋಪಾಧ್ಯಾಯರಿಗೂ ಇರದು.

ಆದಕಾರಣ ವಿಜ್ಞಾನದ ಮೇಷ್ಟ್ರು ಇಕೋ ಕ್ಲಬ್ಬನ್ನೂ ಹೊತ್ತಿರುತ್ತಾರೆ, ಸಮಾಜದ ಮೇಡಂ ಸಂಸತ್ತನ್ನೂ ಮತದಾರರ ಸಂಘವನ್ನೂ ನಡೆಸುತ್ತಾರೆ. ಮಕ್ಕಳ ಪಾಡೂ ಹಾಗೆಯೇ. ಚೆನ್ನಾಗಿ ಮಾತನಾಡಬಲ್ಲ, ಅಕ್ಷರ ದುಂಡಗಿರುವ, ಮನೆಯಲ್ಲಿ ಅಡ್ಡಿಮಾಡದ ಹತ್ತು ಮಕ್ಕಳೇ ಎಲ್ಲ ಸಂಘಗಳಲ್ಲಿಯೂ ಕಾಣಿಸಿಕೊಳ್ಳುತ್ತಾರೆ. ಸೋಮವಾರ ವಿಜ್ಞಾನ ಸಂಘದ ಕಾರ್ಯದರ್ಶಿಯಾಗಿದ್ದವಳು ಗುರುವಾರ ಗೈಡುಗಳ ನಾಯಕಿ, ಶನಿವಾರ ಪ್ರಾರ್ಥನೆಯಲ್ಲಿ ವಾರ್ತೆ ಓದುವವಳು.

ಇದು ಸಣ್ಣ ಶಾಲೆಯ ದೋಷವೆಂದು ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಪಟ್ಟಣದ ದೊಡ್ಡ ಶಾಲೆಯಲ್ಲಿ ಸಾವಿರ ಮಕ್ಕಳ ನಡುವೆ ಒಂದು ನಾಟಕಕ್ಕೆ ಹತ್ತು ಜನ ಆರಿಸಲ್ಪಟ್ಟು ಉಳಿದವರೆಲ್ಲ ಪ್ರೇಕ್ಷಕರಾಗಿ ಉಳಿಯಬೇಕಾದರೆ, ಇಲ್ಲಿ ಹತ್ತು ಪಾತ್ರಗಳಿಗೆ ಜನ ಸಾಲದೆ, ಹಾಡಲಾರದವನೂ ಹಿಮ್ಮೇಳಕ್ಕೆ ಕುಳಿತುಕೊಳ್ಳಬೇಕಾಗುತ್ತದೆ, ವೇದಿಕೆಯೆಂದರೆ ಬೆವರುವವಳೂ ಎರಡು ಮಾತನಾಡಬೇಕಾಗುತ್ತದೆ. ಕೊರತೆಯ ಬಲವಂತದಿಂದ ರಂಗವನ್ನು ಹತ್ತಿದವರು ನಮ್ಮಲ್ಲಿ ಕಡಿಮೆಯಿಲ್ಲ.

ಮಂತ್ರಿಗಳ ಕಾರುಬಾರು

ಸಂಸತ್ತಿನ ಉದ್ದೇಶವು ಮಕ್ಕಳಿಗೆ ಪ್ರಜಾಪ್ರಭುತ್ವದ ರೂಢಿಯನ್ನು ಮಾಡಿಸುವುದು. ನಾಮಪತ್ರ, ಹಿಂತೆಗೆತ, ಚಿಹ್ನೆ, ಪ್ರಚಾರ, ಮತದಾನ, ಎಣಿಕೆ, ಪ್ರಮಾಣವಚನ ಎಲ್ಲವೂ ಕ್ರಮವಾಗಿಯೇ ನಡೆಯುತ್ತವೆ. ಈಚೆಗೆ ಮೊಬೈಲ್ ಫೋನನ್ನೇ ಮತಯಂತ್ರವಾಗಿ ಬಳಸಿ, ಗುಂಡಿ ಒತ್ತಿದೊಡನೆ ‘ಬೀಪ್’ ಎಂಬ ಸದ್ದು ಹೊರಡಿಸುವ ಶಾಲೆಗಳೂ ಉಂಟು. ಮತದಾನದ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿದ್ದು 1989ರಲ್ಲಿ, ಸಂವಿಧಾನದ 61ನೆಯ ತಿದ್ದುಪಡಿಯ ಮೂಲಕ. ನಮ್ಮ ಹಳ್ಳಿಯ ಶಾಲೆಗಳು ಅದನ್ನು ಸದ್ದಿಲ್ಲದೆ ಹದಿಮೂರಕ್ಕೆ ಇಳಿಸಿಬಿಟ್ಟಿವೆ. ಕಾಲೇಜಿನ ವಿದ್ಯಾರ್ಥಿ ಸಂಘಗಳ ಚುನಾವಣೆ ಈ ರಾಜ್ಯದಲ್ಲಿ ದಶಕಗಳಿಂದ ನಿಂತಿರುವುದರಿಂದ, ಹತ್ತನೆಯ ತರಗತಿಯಲ್ಲಿ ಮತ ಹಾಕಿದ ಬಾಲಕನು ಮತ್ತೆ ಮತ ಹಾಕಬೇಕಾದರೆ ನಿಜವಾದ ಚುನಾವಣೆಯವರೆಗೆ ಕಾಯಬೇಕೆಂಬುದು ಒಂದು ವಿನೋದ.

ಮಕ್ಕಳು ಮತ ಹಾಕುವ ಬಗೆಯಾದರೂ ಊರಿನ ಬಗೆಯೇ. ಪ್ರೌಢಶಾಲೆಗೆ ಸುತ್ತಣ ಐದಾರು ಹಳ್ಳಿಗಳಿಂದ, ತಾಂಡಾಗಳಿಂದ, ಕೇರಿಗಳಿಂದ ಮಕ್ಕಳು ಬರುತ್ತಾರಾದ್ದರಿಂದ, ಅಭ್ಯರ್ಥಿಯ ಗುಣಾವಗುಣಗಳಿಗಿಂತ ಮುಂಚೆ ಆತ ‘ನಮ್ಮೂರಿನವನೇ’ ಎಂಬ ಪ್ರಶ್ನೆ ಏಳುತ್ತದೆ. ದೊಡ್ಡ ಊರಿನ ಮಕ್ಕಳು ಗೆಲ್ಲುತ್ತಾರೆ, ಸಣ್ಣ ಊರಿನವರು ಉಪಮಂತ್ರಿಗಳಾಗುತ್ತಾರೆ. ಜಾತಿಯ ಮಾತನ್ನು ಬಾಯಿಬಿಟ್ಟು ಯಾರೂ ಆಡುವುದಿಲ್ಲ. ಆಹಾರ ಮಂತ್ರಿಯ ಹುದ್ದೆ ಯಾರಿಗೆ ಹೋಯಿತೆಂಬುದನ್ನು ಗಮನಿಸಿದರೆ ಸಾಕು. ಬಲ್ಲ ಶಿಕ್ಷಕರು ಇದನ್ನು ಅರಿತು, ಖಾತೆಗಳನ್ನು ಹಂಚುವಾಗ ಬುದ್ಧಿಪೂರ್ವಕವಾಗಿ ಕೈಯಾಡಿಸುತ್ತಾರೆ. ಅಡುಗೆಯವರ ಬಳಿ ನಿಂತು ಬೇಳೆ ಬೆಂದಿತೋ ಇಲ್ಲವೋ ಎಂದು ನೋಡುವ ಅಧಿಕಾರವನ್ನು, ಯಾವ ಮಗುವನ್ನು ಊರು ಒಲೆಯಿಂದ ದೂರ ನಿಲ್ಲಿಸುತ್ತಿತ್ತೋ ಆ ಮಗುವಿಗೇ ವಹಿಸಿದ ಒಬ್ಬ ಮುಖ್ಯೋಪಾಧ್ಯಾಯಿನಿಯನ್ನು ನಾನು ಬಲ್ಲೆ. ಯಾವ ಭಾಷಣವನ್ನೂ ಅವರು ಮಾಡಲಿಲ್ಲ.

ಸಮವಸ್ತ್ರದ ಎರಡು ವಂಶಗಳು

ಗುರುವಾರದ ಮಧ್ಯಾಹ್ನ ಕೊರಳಿಗೆ ಸ್ಕಾರ್ಫು ಕಟ್ಟಿಕೊಂಡು ಹಗ್ಗಕ್ಕೆ ಗಂಟು ಹಾಕುವ ಮಕ್ಕಳಿಗೂ, ಬಿಳಿಯ ಉಡುಪಿನಲ್ಲಿ ಧ್ವಜಕಂಬದ ಸುತ್ತ ನಿಲ್ಲುವ ಮಕ್ಕಳಿಗೂ ವ್ಯತ್ಯಾಸವೇನೆಂಬುದು ಬಹುಮಂದಿ ಪೋಷಕರಿಗೆ ತಿಳಿಯದು. ಎರಡೂ ಶಿಸ್ತನ್ನು ಕಲಿಸುತ್ತವೆ. ಆದರೆ ಅವುಗಳ ಹುಟ್ಟು ಒಂದಕ್ಕೊಂದು ವಿರುದ್ಧವಾದ ಎರಡು ಕಡೆಗಳಲ್ಲಿ ಆಯಿತು.

ಸ್ಕೌಟು ಪದ್ಧತಿಯ ಮೂಲಪುರುಷನು ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್. 1907ರಲ್ಲಿ ಆತನು ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರನ್ನು ಕೂಡಿಸಿ ಶಿಬಿರ ನಡೆಸಿದ ಎರಡೇ ವರ್ಷಕ್ಕೆ, 1909ರಲ್ಲಿ, ಭಾರತದ ಮೊದಲನೆಯ ಸ್ಕೌಟು ದಳವು ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಅದು ಭಾರತೀಯ ಮಕ್ಕಳಿಗಾಗಿ ಇದ್ದುದಲ್ಲ. ಆ ಬಾಗಿಲು ಮುಚ್ಚಿದ್ದುದರಿಂದಲೇ ಆನಿ ಬೆಸೆಂಟರಂಥವರು ಇಲ್ಲಿಯ ಮಕ್ಕಳಿಗೆಂದು ಬೇರೆಯ ಸಂಘವನ್ನು ಕಟ್ಟಬೇಕಾಯಿತು. ಹೀಗೆ ಹಲವಾಗಿ ಹರಿದುಬಂದ ಧಾರೆಗಳು ‘ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್’ ಆಗಿ ಒಂದುಗೂಡಿದ್ದು 1950ರ ನವೆಂಬರ್ 7ರಂದು. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಕೊನೆಯಲ್ಲಿ ರಾಷ್ಟ್ರಪತಿ ಪುರಸ್ಕಾರ: ಹೆಸರನ್ನು ಕೇಳಿದರೆ ಯಾವುದೋ ದೇವಾಲಯದ ಮೆಟ್ಟಿಲನ್ನು ಏರುವಂತಿದೆ. ಹಳ್ಳಿಯ ಹುಡುಗ ತೃತೀಯ ಸೋಪಾನಕ್ಕೆ ಬರುವುದರೊಳಗೆ ಎಸ್.ಎಸ್.ಎಲ್.ಸಿ. ಎದುರಿಗೆ ನಿಂತಿರುತ್ತದೆ, ಅಲ್ಲಿಗೆ ಅವನ ಆರೋಹಣ ಮುಗಿಯುತ್ತದೆ.

ಸೇವಾದಳದ ಕಥೆ ನಮ್ಮದೇ ನೆಲದ್ದು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದವರ ಪೈಕಿ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಬಿಡುಗಡೆಯಾದಾಗ, ಹುಬ್ಬಳ್ಳಿಯಿಂದ ಹೋಗಿದ್ದ ಸ್ವಯಂಸೇವಕರು ಮಾತ್ರ ಅದಕ್ಕೆ ಒಪ್ಪದೆ ಸೆರೆಮನೆಯಲ್ಲಿಯೇ ಉಳಿದರು. ಅವರಿಗೆ ಆ ಗಟ್ಟಿತನ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಉತ್ತರವಾಗಿ ಕಂಡವರು ಅವರನ್ನು ತರಬೇತುಗೊಳಿಸಿದ ಡಾ. ನಾ. ಸು. ಹರ್ಡೀಕರರು. ಅದೇ ವರ್ಷದ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳವು ಸ್ಥಾಪಿತವಾಯಿತು. ಇಂದಿಗೂ ನಮ್ಮ ಶಾಲೆಗಳಲ್ಲಿ ಭಾರತ ಸೇವಾದಳದ ಮಕ್ಕಳಿಗೆ ಧ್ವಜವನ್ನು ಮಡಿಸುವ ಕ್ರಮ, ಗಂಟು ಎಳೆದೊಡನೆ ಅದು ಬಿಚ್ಚಿಕೊಳ್ಳುವಂತೆ ಕಟ್ಟುವ ಕ್ರಮ, ಇಳಿಸುವ ಕ್ರಮ ಇವೇ ಮೊದಲ ಪಾಠಗಳು. ಆಗಸ್ಟ್ ಹದಿನೈದರಂದು ಮುಖ್ಯ ಅತಿಥಿಗಳು ಹಗ್ಗವನ್ನು ಜಗ್ಗಿದಾಗ ಧ್ವಜ ಸಿಕ್ಕಿಕೊಂಡು ಬಿಚ್ಚದೆ ಹೋದರೆ, ಸಭೆಯಲ್ಲಿ ಎಲ್ಲರಿಗಿಂತಲೂ ಹೆಚ್ಚು ನಾಚುವವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ.

ಸಂಘವೆಂಬ ನೆಪ

ಇಷ್ಟೆಲ್ಲ ಸಂಘಗಳು ನಡೆಯುವುದು ಯಾವಾಗ? ಇಲ್ಲಿಯೇ ಹಳ್ಳಿಯ ಶಾಲೆಯ ಮರ್ಮವಿದೆ. ವೇಳಾಪಟ್ಟಿಯನ್ನು ಬರೆಯುವವರು ಮುಖ್ಯೋಪಾಧ್ಯಾಯರಾದರೂ ಅದನ್ನು ನಿರ್ಧರಿಸುವುದು ಬಸ್ಸು. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟರೆ, ಘಟ್ಟದ ಕಡೆಯ ಬಸ್ಸು ಹೊರಡುವುದು ನಾಲ್ಕೂ ಮುಕ್ಕಾಲಿಗೆ. ಅದು ತಪ್ಪಿದರೆ ಮತ್ತೊಂದಿರುವುದು ಕತ್ತಲಾದ ಮೇಲೆ, ಅದೂ ಬಂದರೆ. ಅರ್ಧದಷ್ಟು ಮಕ್ಕಳು ಆ ಬಸ್ಸಿನವರು. ಹೀಗಾಗಿ ಸಾಹಿತ್ಯ ಸಂಘದ ಜೀವಿತಾವಧಿ ದಿನಕ್ಕೆ ಹದಿನೈದು ನಿಮಿಷ.

2006-07ನೆಯ ಸಾಲಿನಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ, ಬಯಲುಸೀಮೆಯ ಶಾಲೆಗಳಲ್ಲಿ ಈ ಹದಿನೈದು ನಿಮಿಷ ಮುಕ್ಕಾಲು ಗಂಟೆಯಾಯಿತು. ಹಾಜರಾತಿ ಹೆಚ್ಚಿತೆಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡವರು ಇದನ್ನು ಗಮನಿಸಲಿಲ್ಲ. ಆರು ಸೈಕಲ್ಲುಗಳು ಸಾಲಾಗಿ ಹೊರಟವೆಂದರೆ ಅದೇ ಒಂದು ಸಂಘ. ಅದಕ್ಕೆ ಅಧ್ಯಕ್ಷರಿಲ್ಲ, ನಡಾವಳಿ ಪುಸ್ತಕವಿಲ್ಲ, ಸರಪಳಿ ಕಳಚಿದರೆ ಎಲ್ಲರೂ ನಿಲ್ಲಬೇಕೆಂಬ ಒಂದೇ ನಿಯಮ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು.

ಹುಡುಗರ ವಿಷಯ ಹೇಗೂ ಇರಲಿ. ಅವರಿಗೆ ಶಾಲೆಯ ಆಚೆಗೆ ಕೆರೆಯ ಏರಿಯುಂಟು, ಕ್ರಿಕೆಟ್ಟಿನ ಬಯಲುಂಟು, ಗಣಪತಿಯ ಪೆಂಡಾಲುಂಟು. ಹೆಣ್ಣುಮಕ್ಕಳಿಗಾದರೋ ಶಾಲೆ ಬಿಟ್ಟಮೇಲೆ ಮನೆ, ಮನೆ ಬಿಟ್ಟರೆ ಶಾಲೆ. ‘ಎಲ್ಲಿಗೆ ಹೋಗಿದ್ದೆ?’ ಎಂಬ ಪ್ರಶ್ನೆಗೆ ಅವರ ಬಳಿ ಇರಬಹುದಾದ ಮರ್ಯಾದಸ್ಥ ಉತ್ತರ ಒಂದೇ: ‘ಪ್ರಾಕ್ಟೀಸ್ ಇತ್ತು.’ ಗೈಡು, ಕೋಲಾಟ, ಕಬಡ್ಡಿ, ವಿಜ್ಞಾನದ ಮಾದರಿ, ಯಾವುದೇ ಆಗಲಿ, ಸಂಘವು ಆ ಹುಡುಗಿಗೆ ಮೊದಲು ಕೊಡುವುದು ಕಲೆಯನ್ನಲ್ಲ, ಕ್ರೀಡೆಯನ್ನಲ್ಲ. ಗೆಳತಿಯರೊಡನೆ ಅರ್ಧ ಗಂಟೆ ಸುಮ್ಮನೆ ಕುಳಿತಿರುವುದಕ್ಕೆ ಅಪ್ಪಅಮ್ಮಂದಿರು ಒಪ್ಪುವಂತಹ ಒಂದು ನೆಪವನ್ನು. ಸಂಘಗಳ ಸಾಧನೆಯನ್ನು ಅಳೆಯಹೊರಡುವವರು ಬಹುಮಾನಗಳನ್ನು ಎಣಿಸುತ್ತಾರೆ. ಜಗಲಿಯ ಮೂಲೆಯಲ್ಲಿ, ಅರ್ಧ ಬಣ್ಣ ಬಳಿದ ಥರ್ಮೋಕೋಲಿನ ಜ್ವಾಲಾಮುಖಿಯ ಸುತ್ತ ಕುಳಿತು, ಬಣ್ಣ ಒಣಗುವ ನೆಪದಲ್ಲಿ ನಾಲ್ಕು ಹುಡುಗಿಯರು ನಗುತ್ತಿರುವುದನ್ನು ಯಾವ ಅಂಕಣದಲ್ಲಿ ಬರೆಯಬೇಕು?

ಕೊನೆಯ ದೃಶ್ಯವಿಲ್ಲದ ನಾಟಕ

ಪ್ರತಿಭಾ ಕಾರಂಜಿ ಬಂದಿತೆಂದರೆ ಶಾಲೆಯ ಸ್ವರವೇ ಬದಲಾಗುತ್ತದೆ. ಕ್ಲಸ್ಟರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಏರುವ ಈ ಸರಕಾರಿ ಸ್ಪರ್ಧೆಯಲ್ಲಿ ಕಂಠಪಾಠ, ಆಶುಭಾಷಣ, ಭಾವಗೀತೆ, ಜನಪದ ನೃತ್ಯ, ಮಿಮಿಕ್ರಿ, ರಂಗೋಲಿ ಮೊದಲಾದವುಗಳ ಜೊತೆಗೆ ಗಝಲ್ ಮತ್ತು ಕವ್ವಾಲಿಗಳೂ ಇರುವುದರಿಂದ, ಉರ್ದು ಅಕ್ಷರವನ್ನೇ ಕಂಡಿರದ ಮಲೆನಾಡಿನ ಹುಡುಗರು ತಲೆಗೆ ಕರವಸ್ತ್ರ ಕಟ್ಟಿ, ಕೈತಟ್ಟಿ, ಯಾರದೋ ಮೊಬೈಲಿನಿಂದ ಕಲಿತ ಕವ್ವಾಲಿಯನ್ನು ಹಾಡುವ ದೃಶ್ಯವನ್ನು ವರ್ಷಕ್ಕೊಮ್ಮೆ ನೋಡಬಹುದು. ಉಚ್ಚಾರಣೆಯನ್ನು ಕುರಿತು ತೀರ್ಪುಗಾರರು ಉದಾರಿಗಳಾಗಿರುತ್ತಾರೆ. ಕರಾವಳಿಯ ಕಡೆ ಹೋದರೆ, ಉಡುಪಿಯ ಸುತ್ತಣ ಪ್ರೌಢಶಾಲೆಗಳಲ್ಲಿ ಮಕ್ಕಳು ಯಕ್ಷಗಾನದ ಹೆಜ್ಜೆಗಳನ್ನು ಗುರುಗಳಿಂದಲೇ ಕಲಿತು ವೇಷ ಕಟ್ಟಿ ಕುಣಿಯುತ್ತಾರೆ. ಹೆಣ್ಣುಮಕ್ಕಳು ರಾಕ್ಷಸವೇಷದಲ್ಲಿ ಅಬ್ಬರಿಸುವುದನ್ನು ಅಜ್ಜಂದಿರು ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತಾರೆ.

ನನ್ನ ಶಾಲೆಯ ಕಾಲದ ಒಂದು ಪ್ರಸಂಗವನ್ನು ಇಲ್ಲಿ ಹೇಳದೆ ಇರಲಾರೆ. ವಾರ್ಷಿಕೋತ್ಸವಕ್ಕೆ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕವನ್ನು ಆರಿಸಿದ್ದರು. ಕಾಡಿನ ಹಾದಿಯಲ್ಲಿ ಒಂಟಿಯಾಗಿ ಶಾಲೆಗೆ ನಡೆಯಬೇಕಾದ, ಹೆದರುವ ಬಾಲಕನ ಕಥೆ ಅದು. ನಮ್ಮಲ್ಲಿ ಮುಕ್ಕಾಲು ಪಾಲಿಗೆ ಅದನ್ನು ಅಭಿನಯಿಸಬೇಕಾದ ಆವಶ್ಯಕತೆಯೇ ಇರಲಿಲ್ಲ. ತಾಯಿಯ ಪಾತ್ರದ ಹುಡುಗಿ ನಾಲ್ಕೂ ಮುಕ್ಕಾಲರ ಬಸ್ಸಿನವಳು. ಪ್ರತಿದಿನವೂ ತಾಲೀಮು ಮೊದಲಿನಿಂದ ಆರಂಭವಾಗಿ, ಕೊನೆಯ ದೃಶ್ಯಕ್ಕೆ ಬರುವಷ್ಟರಲ್ಲಿ ತಿರುವಿನಿಂದ ಹಾರ್ನು ಕೇಳಿಸುತ್ತಿತ್ತು; “ಸಾರ್, ಬಸ್ಸು” ಎಂದು ಆಕೆ ಸೆರಗನ್ನು ನನ್ನ ಕೈಗೆ ಕೊಟ್ಟು ಓಡುತ್ತಿದ್ದಳು. ಇಪ್ಪತ್ತು ದಿನವೂ ಹೀಗೆಯೇ ಕಳೆದು, ಕೊನೆಯ ದೃಶ್ಯವು ಒಮ್ಮೆಯೂ ತಾಲೀಮಾಗದೆ ರಂಗಕ್ಕೆ ಬಂದಿತು. ಅಂದು ರಾತ್ರಿ ಆಕೆ ಏನು ನುಡಿದಳೋ, ಗೋಪಾಲ ಏನು ನುಡಿದನೋ, ನನಗೆ ಜ್ಞಾಪಕವಿಲ್ಲ. ನಾಟಕದಲ್ಲಿದ್ದ ಮಾತುಗಳಂತೂ ಅವಾಗಿರಲಿಲ್ಲ. ನೇಪಥ್ಯದಲ್ಲಿ ಪುಸ್ತಕ ಹಿಡಿದು ಮಾತೆತ್ತಿಕೊಡುತ್ತಿದ್ದ ಕನ್ನಡದ ಮೇಷ್ಟ್ರು ಸ್ವಲ್ಪ ಹೊತ್ತು ಪುಟ ತಿರುಗಿಸಿ, ಆಮೇಲೆ ಪುಸ್ತಕವನ್ನು ಮುಚ್ಚಿಟ್ಟರು.

ಕಡತದೊಳಗಿನ ಸಂಘಗಳು

ಎಲ್ಲ ಸಂಘಗಳೂ ಹೀಗೆ ಉಸಿರಾಡುತ್ತವೆಯೆಂದು ಭಾವಿಸಬಾರದು. ಕೆಲವು ಕಡತಗಳಲ್ಲಿ ಹುಟ್ಟಿ ಕಡತಗಳಲ್ಲಿಯೇ ತೀರಿಕೊಳ್ಳುತ್ತವೆ. ಕೇಂದ್ರದ ಪರಿಸರ ಸಚಿವಾಲಯವು 2001ರ ಸುಮಾರಿಗೆ ರಾಷ್ಟ್ರೀಯ ಹಸಿರು ಪಡೆಯ ಯೋಜನೆಯನ್ನು ಹೊರಡಿಸಿದಂದಿನಿಂದ ಇಕೋ ಕ್ಲಬ್ಬುಗಳು ಹಳ್ಳಿಹಳ್ಳಿಗೂ ಬಂದವು. ಸೊಪ್ಪಿನ ತೋಟ ಬೆಳೆದು, ಕೈತೊಳೆದ ನೀರನ್ನು ಬಾಳೆಯ ಬುಡಕ್ಕೆ ಹರಿಸಿ, ಬಿಸಿಯೂಟದ ಸಾರಿಗೆ ತಮ್ಮದೇ ನುಗ್ಗೆಸೊಪ್ಪನ್ನು ಹಾಕುವ ಶಾಲೆಗಳುಂಟು. ಜೂನ್ 5ರಂದು ಒಂದೇ ಸಸಿಯನ್ನು ಒಂದೇ ಗುಂಡಿಯಲ್ಲಿ ನೆಟ್ಟು, ಹಿಂದಿನ ಬ್ಯಾನರನ್ನು ಮಾತ್ರ ಬದಲಿಸುತ್ತ ಮೂರು ಸಂಘಗಳಿಗೆ ಮೂರು ಛಾಯಾಚಿತ್ರ ತೆಗೆಸಿಕೊಂಡ ಶಾಲೆಯೂ ಉಂಟು. ಅದರ ಹೆಸರನ್ನು ಹೇಳುವುದಿಲ್ಲ. ಆ ಗುಂಪಿನಲ್ಲಿ ಎಡದಿಂದ ಎರಡನೆಯವನು ನಾನೇ.

ಶಿಕ್ಷಕರನ್ನು ದೂರಿ ಫಲವಿಲ್ಲ. ಫೋಟೋ ಕಳಿಸಿರೆಂದು ಕೇಳುವವರು ಸಸಿ ಬದುಕಿದೆಯೇ ಎಂದು ಕೇಳುವುದಿಲ್ಲ. ದಸರೆ ಮುಗಿಯಿತೆಂದರೆ ಹತ್ತನೆಯ ತರಗತಿಗೆ ಬೆಳಗೂ ಸಂಜೆಯೂ ವಿಶೇಷ ತರಗತಿಗಳು. ಫಲಿತಾಂಶ ಕುಸಿದರೆ ನೋಟೀಸು ಬರುತ್ತದೆ, ನಾಟಕ ನಿಂತುಹೋದರೆ ಬರುವುದಿಲ್ಲ.

ಗೇಟಿನ ಆಚೆಗೆ

ಶಾಲೆಯೊಳಗೆ ಆಡಿದ ಸಂಸತ್ತಿನ ಆಟ ಊರಿಗೆ ನಡೆದುಬರುವ ಒಂದು ದಿನವಿದೆ. ಅದೇ ಮಕ್ಕಳ ಗ್ರಾಮಸಭೆ. ಮಕ್ಕಳ ಮಾತಿಗೂ ಬೆಲೆಯಿರಬೇಕೆಂಬ ತತ್ತ್ವವನ್ನು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಸಾರಿತು. 1990ರ ದಶಕದಲ್ಲಿಯೇ ಕುಂದಾಪುರ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಕೂಡತೊಡಗಿದ್ದವು. ಈಗ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಇಂತಹ ಸಭೆಯನ್ನು ಕರೆಯಬೇಕೆಂಬ ನಿಯಮವಿದೆ. ಅಧ್ಯಕ್ಷರು, ಪಿಡಿಓ, ಸದಸ್ಯರು ವೇದಿಕೆಯ ಮೇಲೆ. ಮಕ್ಕಳು ಚೀಟಿ ಹಿಡಿದು ಕೆಳಗೆ.

ಮಕ್ಕಳ ಬೇಡಿಕೆಗಳು ವಿಚಿತ್ರವಾಗಿ ಖಚಿತವಾಗಿರುತ್ತವೆ. ಹಿರಿಯರು ‘ಅಭಿವೃದ್ಧಿ’ ಕೇಳಿದರೆ ಮಕ್ಕಳು ಹಳ್ಳಕ್ಕೆ ಒಂದು ಕಾಲುಸಂಕ ಕೇಳುತ್ತಾರೆ, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಕೇಳುತ್ತಾರೆ, ಶಾಲೆಯ ದಾರಿಯಲ್ಲಿ ಕುಡಿದು ಕೂರುವವರನ್ನು ಎಬ್ಬಿಸಿರೆಂದು ಕೇಳುತ್ತಾರೆ. ಮೈಕು ಹಿಡಿದವಳಿಗೆ ನಡುಕವಿಲ್ಲದಿರುವುದನ್ನು ಕಂಡು ಸದಸ್ಯರು ಬೆರಗಾಗುತ್ತಾರೆ. ಜೂನ್ ತಿಂಗಳಿನಿಂದ ಪ್ರಾರ್ಥನೆಯಲ್ಲಿ ವಾರ್ತೆ ಓದಿದವಳು ಅವಳೆಂಬುದನ್ನು ಅವರು ಅರಿಯರು. ಇಂತಹ ಒಂದು ಸಭೆಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, “ಸಂಜೆ ಬಸ್ಸನ್ನ ಐದೂಕಾಲಿಗೆ ಮಾಡಿ ಸಾರ್, ನಮಗೆ ಖೋಖೋ ಆಡಕ್ಕೆ ಆಗ್ತಿಲ್ಲ” ಎಂದಳು. ಬಸ್ಸು ಪಂಚಾಯಿತಿಗೆ ಸೇರಿದ್ದಲ್ಲವೆಂದು ಅಧ್ಯಕ್ಷರು ತಿಳಿಯಹೇಳಿದರು; ಡಿಪೋಗೆ ಪತ್ರ ಬರೆಯೋಣವೆಂದು ಠರಾವಾಯಿತು.

ಗಡಿಯಾರ

ಮಾರ್ಚಿಗೆ ಮುಂಚೆ ಬೀಳ್ಕೊಡುಗೆ. ಒಂಬತ್ತನೆಯವರು ಹಣ ಕೂಡಿಸಿ ಕೇಸರಿಬಾತು, ಖಾರ ಹಂಚುತ್ತಾರೆ. ಹತ್ತನೆಯವರು ಅಕ್ಕನ ಸೀರೆಯನ್ನುಟ್ಟು, ಅಣ್ಣನ ಪಂಚೆಯನ್ನುಟ್ಟು ಬಂದು ಒಂದೇ ದಿನದಲ್ಲಿ ದೊಡ್ಡವರಾಗುತ್ತಾರೆ. ಮೂರು ವರ್ಷ ಒಬ್ಬರೊಡನೊಬ್ಬರು ಮಾತನಾಡದ ಹುಡುಗ ಹುಡುಗಿಯರು ಆಟೋಗ್ರಾಫ್ ಪುಸ್ತಕವನ್ನು ಮೂರನೆಯವರ ಕೈಯಿಂದ ಕಳಿಸಿ, ಅದೇ ದಾರಿಯಲ್ಲಿ ಹಿಂದಕ್ಕೆ ತರಿಸಿಕೊಳ್ಳುತ್ತಾರೆ. ಆಮೇಲೆ ಶಾಲೆಗೆ ಕೊಡುಗೆ. ಅದು ಕುರ್ಚಿಯಾಗಬಹುದು, ಫ್ಯಾನಾಗಬಹುದು, ಬಹುಪಾಲು ಗೋಡೆಗಡಿಯಾರವೇ ಆಗಿರುತ್ತದೆ.

ಕಳೆದ ಸಲ ನಾನು ಅತಿಥಿಯಾಗಿ ಹೋಗಿದ್ದ ಶಾಲೆಯಲ್ಲಿ ಆಗಲೇ ನಾಲ್ಕು ಗಡಿಯಾರಗಳಿದ್ದವು, ನಾಲ್ಕೂ ನಿಂತಿದ್ದವು. ಐದನೆಯದಕ್ಕೆ ಹೊಸ ಸೆಲ್ಲು ಹಾಕಿ, ಮೊಳೆಗೆ ತೂಗುಹಾಕುವ ಮುನ್ನ ವೇಳೆಯನ್ನು ಕೂಡಿಸಬೇಕೆಂದು ಮೇಷ್ಟ್ರು ಅದನ್ನು ಹಿಂದುಮುಂದು ಮಾಡುತ್ತಿದ್ದರು. ಜೇಬಿನಲ್ಲಿ ಮೊಬೈಲಿತ್ತು, ತೆಗೆಯಲಿಲ್ಲ. ಅಷ್ಟರಲ್ಲಿ ತಿರುವಿನ ಕಡೆಯಿಂದ ಹಾರ್ನು ಕೇಳಿಸಿತು. ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಹತ್ತು ಹುಡುಗಿಯರು ಗೇಟಿನತ್ತ ಓಡಿದರು. ಮೇಷ್ಟ್ರು ಮುಳ್ಳನ್ನು ನಾಲ್ಕೂ ಮುಕ್ಕಾಲಿಗೆ ತಿರುಗಿಸಿ ಗಡಿಯಾರವನ್ನು ಮೊಳೆಗೆ ಹಾಕಿದರು.